ಹನ್ನೊಂದು ವಿಮಾನವಾಹಕ ಮುಳುಗಿಸಿದ ಮಹಾಶಯರಿಗೆ

ಜಪಾನ್ ಸಾಮ್ರಾಜ್ಯದ ಪ್ರಧಾನ ಸೇನಾ ಕಚೇರಿ, ಸುದ್ದಿ ವಿಭಾಗ, ಟೋಕಿಯೊ — ಇಲ್ಲಿನ ಮಾಜಿ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಗೆ 1945ರ ಸೆಪ್ಟೆಂಬರಿನಲ್ಲೇ ಬೀಗ ಬಿತ್ತು. ಆದರೂ ಈ ಪತ್ರ ತಲುಪೀತೆಂಬ ಭರವಸೆ ನನಗಿದೆ. ತೇಲುತ್ತಿದ್ದ ಹಡಗುಗಳನ್ನು ಮುಳುಗಿಸಿ, ಮುಳುಗಿದವನ್ನು ತೇಲಿಸಿದ ನಿಮಗೆ ಇಲ್ಲದ ವಿಳಾಸದಲ್ಲಿ ಟಪಾಲು ಪಡೆಯುವುದೇನು ಮಹಾ!

1941ರ ಡಿಸೆಂಬರ್ 8ರ ಬೆಳಗ್ಗೆ ಶುರು ಮಾಡಿ ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ 846 ಪ್ರಕಟಣೆ ಹೊರಡಿಸಿದಿರಿ. ಪತ್ರಿಕೆಗಳು ಒಂದಕ್ಷರ ಬದಲಿಸದೆ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಮೊದಮೊದಲು ಬಹುಪಾಲು ನಿಜವನ್ನೇ ಹೇಳಿದಿರಿ, ಅದನ್ನು ಒಪ್ಪಬೇಕು. ಗೆಲ್ಲುತ್ತಿದ್ದಿರಲ್ಲ, ಸುಳ್ಳಿನ ಖರ್ಚೇ ಇರಲಿಲ್ಲ.

ನಿಮ್ಮ ಕೈಚಳಕ ಹೊರಬಿದ್ದದ್ದು 1942ರ ಜೂನ್‌ನಲ್ಲಿ, ಮಿಡ್‌ವೇ ಕದನವಾದ ಮೇಲೆ. ಅಕಾಗಿ, ಕಾಗಾ, ಸೋರ್ಯು, ಹಿರ್ಯು ಎಂಬ ನಿಮ್ಮ ನಾಲ್ಕು ವಿಮಾನವಾಹಕಗಳು ಸಮುದ್ರದ ತಳ ಸೇರಿದ್ದವು. 10ನೇ ತಾರೀಕು ನೀವು ಕೊಟ್ಟ ಲೆಕ್ಕ: ನಮ್ಮದು ಮುಳುಗಿದ್ದು ಒಂದು, ಜಖಂ ಆದದ್ದು ಒಂದು, ಶತ್ರುವಿನದು ಮುಳುಗಿದ್ದು ಎರಡು. ಅಮೆರಿಕ ಕಳೆದುಕೊಂಡ ವಿಮಾನವಾಹಕ ಯಾರ್ಕ್‌ಟೌನ್ ಒಂದೇ. ಬದುಕಿ ಬಂದ ನಾವಿಕರು ಬಾಯಿ ಬಿಟ್ಟಾರೆಂದು ಅವರನ್ನು ಊರವರ ಕಣ್ಣಿಗೆ ಬೀಳದಂತೆ ದೂರ ಇಡಲಾಯಿತು. ಗಾಯಾಳುಗಳನ್ನೂ ಬಿಡಲಿಲ್ಲ.

ನಮ್ಮಲ್ಲಿ ಜಟ್ಟಿ ಜಾರಿ ಬಿದ್ದರೆ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾನೆ. ಬಿದ್ದದ್ದನ್ನಾದರೂ ಒಪ್ಪುತ್ತಾನೆ, ಪಾಪ. 1943ರ ಫೆಬ್ರವರಿಯಲ್ಲಿ ಗ್ವಾಡಲ್‌ಕನಾಲ್ ದ್ವೀಪವನ್ನು ಬಿಟ್ಟು ನಿಮ್ಮ ಸೇನೆ ರಾತ್ರೋರಾತ್ರಿ ಹೊರಡಬೇಕಾಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ, ಎಷ್ಟೋ ಜನ ಹಸಿವಿನಿಂದಲೇ, ಅಲ್ಲಿ ಸತ್ತಿದ್ದರು. ಪ್ರಕಟಣೆ ಹೇಳಿದ್ದು: ಉದ್ದೇಶ ಈಡೇರಿದೆ, ಪಡೆಗಳು ಬೇರೆ ದಿಕ್ಕಿಗೆ ಮುಂದುವರಿದಿವೆ.

ಇವೆಲ್ಲ ತಾಲೀಮು. ನಿಜವಾದ ಪ್ರದರ್ಶನ 1944ರ ಅಕ್ಟೋಬರಿನ ಫಾರ್ಮೋಸಾ (ಇಂದಿನ ತೈವಾನ್) ವಾಯುಕದನ. ಸರಿಯಾಗಿ ತರಬೇತಿಯೂ ಆಗದ ಹುಡುಗರು ಕತ್ತಲಲ್ಲಿ ಹಾರಿ ಹೋದರು. ಸಮುದ್ರದ ಮೇಲೆ ತಮ್ಮದೇ ವಿಮಾನಗಳು ಬಿದ್ದು ಉರಿಯುವುದನ್ನು ಕಂಡು ಶತ್ರುವಿನ ಹಡಗಿಗೆ ಬೆಂಕಿ ಬಿತ್ತೆಂದು ವರದಿ ಮಾಡಿದರು. ನೀವು ಬಂದ ವರದಿಗಳನ್ನೆಲ್ಲ ಕೂಡಿಸಿದಿರಿ. ಕಳೆಯುವ ಲೆಕ್ಕ ನಿಮ್ಮ ಕಚೇರಿಯಲ್ಲಿ ಯಾರಿಗೂ ಬರುತ್ತಿರಲಿಲ್ಲವೋ ಏನೋ. ಮುಳುಗಿದ ವಿಮಾನವಾಹಕಗಳು: 11. ಜನ ಬೀದಿಗಿಳಿದು ಸಂಭ್ರಮಿಸಿದರು, ಚಕ್ರವರ್ತಿಯ ಪ್ರಶಂಸೆಯೂ ಬಂತು. ಅಸಲಿಗೆ ಒಂದೂ ಮುಳುಗಿರಲಿಲ್ಲ. ಎರಡು ಕ್ರೂಸರ್‌ಗಳಿಗೆ ಜೋರು ಪೆಟ್ಟು ಬಿದ್ದಿತ್ತು, ಅಷ್ಟೇ. ಟೋಕಿಯೊ ರೇಡಿಯೊ ಮುಳುಗಿಸಿದ ಹಡಗುಗಳನ್ನೆಲ್ಲ ಮೇಲೆತ್ತಿದ್ದೇವೆ, ಅವೀಗ ಶತ್ರುವಿನ ಕಡೆಗೇ ಭರದಿಂದ ಹಿಮ್ಮೆಟ್ಟುತ್ತಿವೆ ಎಂದು ಅಮೆರಿಕದ ಅಡ್ಮಿರಲ್ ಹಾಲ್ಸಿ ತಮಾಷೆ ಮಾಡಿದರು.

ಆಮೇಲಿನದು ತಮಾಷೆಯಲ್ಲ. ವಿಮಾನವಾಹಕಗಳು ಹಾಗೇ ಇವೆ ಎಂದು ನಿಮ್ಮ ನೌಕಾಪಡೆಗೆ ಬೇಗನೆ ಗೊತ್ತಾಯಿತು. ಭೂಸೇನೆಗೆ ಮಾತ್ರ ಹೇಳಲಿಲ್ಲ. ಪೇಪರಿನಲ್ಲಿ ಬಂದ ಗೆಲುವನ್ನು ನಂಬಿದ ಭೂಸೇನೆ ತನ್ನ ಯೋಜನೆಯನ್ನೇ ಬದಲಿಸಿ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪಕ್ಕೆ ಸೈನಿಕರನ್ನು ಕಳಿಸಿತು. ಹತ್ತಾರು ಸಾವಿರ ಮಂದಿ ಮರಳಿ ಬರಲಿಲ್ಲ. ನಿಮ್ಮ ಪ್ರಕಟಣೆಗಳನ್ನು ಶತ್ರು ನಂಬಲಿಲ್ಲ, ನೀವೇ ನಂಬಿದಿರಿ.

ನಿಜ ಬರೆದವರೇ ಇರಲಿಲ್ಲವೇ? ಇದ್ದರು. 1944ರ ಫೆಬ್ರವರಿ 23ರ ಮೈನಿಚಿ ಪತ್ರಿಕೆಯಲ್ಲಿ ಶಿನ್‌ಮ್ಯೋ ತಾಕೆಒ ಎಂಬ ವರದಿಗಾರ, ಬಿದಿರಿನ ಭರ್ಜಿಯಿಂದ ಯುದ್ಧ ಗೆಲ್ಲಲಾಗದು, ವಿಮಾನ ಬೇಕು ಎಂದು ಬರೆದರು. ಪ್ರಧಾನಿ ತೋಜೊ ಕೆಂಡವಾದರು. ಮೂವತ್ತೇಳರ ಆ ಮನುಷ್ಯನಿಗೆ ತಟ್ಟನೆ ಸೇನೆಯಿಂದ ಕರೆ ಬಂತು. ಅಷ್ಟು ವಯಸ್ಸಿನ ಒಬ್ಬನನ್ನೇ ಏಕೆ ಕರೆದಿರಿ ಎಂದು ನೌಕಾಪಡೆ ಕೇಳಿದಾಗ, ಅನುಮಾನ ಬಾರದಿರಲೆಂದು ಅದೇ ಪ್ರಾಯದ ಸುಮಾರು 250 ಮಂದಿಯನ್ನು ಎಳೆದು ತಂದರು. ಒಂದು ತಲೆಬರಹಕ್ಕೆ ಇಷ್ಟು ದೊಡ್ಡ ತಿದ್ದುಪಡಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ನಿಮ್ಮ ಆಸ್ತಿಪಾಸ್ತಿ ಏನಾಯಿತೆಂಬ ಕುತೂಹಲ ನಿಮಗಿರಬಹುದು. ನೌಕಾಪಡೆಯ ಗೆಲುವು ಸಾರುವಾಗ ರೇಡಿಯೊದಲ್ಲಿ ನುಡಿಯುತ್ತಿದ್ದ ‘ಯುದ್ಧನೌಕೆ’ ಕವಾಯತು ಗೀತೆ, ಯುದ್ಧ ಮುಗಿದ ಮೇಲೆ ಪಚಿಂಕೊ ಜೂಜಿನಂಗಡಿಗಳ ಪಾಲಾಯಿತು. ಅಲ್ಲೂ ಸೋಲುವವರಿಗೆ ಹುರುಪು ತುಂಬುವುದೇ ಅದರ ಕೆಲಸ. ನಿಮ್ಮ ಕಚೇರಿಯ ಹೆಸರೂ ಉಳಿದಿದೆ. 2011ರಲ್ಲಿ ಫುಕುಶಿಮಾ ಅಣುಸ್ಥಾವರ ಕೈಕೊಟ್ಟಾಗ ಅಧಿಕಾರಿಗಳು ಕೊಟ್ಟ ಸಮಾಧಾನದ ಹೇಳಿಕೆಗಳನ್ನು ಜನ ‘ಪ್ರಧಾನ ಸೇನಾ ಕಚೇರಿಯ ಪ್ರಕಟಣೆ’ ಎಂದೇ ಹೀಯಾಳಿಸಿದರು.

ಆದರೆ ನಿಮ್ಮ ನಿಜವಾದ ವಾರಸುದಾರರು ನಮ್ಮಲ್ಲಿದ್ದಾರೆ. ಪಾಕಿಸ್ತಾನದೊಂದಿಗಿನ ಸಂಘರ್ಷದ ನಡುವೆ, 2025ರ ಮೇ 8ರ ರಾತ್ರಿ ನಮ್ಮ ಹಲವು ಟಿವಿ ಚಾನೆಲ್‌ಗಳು ಕರಾಚಿ ಬಂದರನ್ನು ಧ್ವಂಸ ಮಾಡಿದವು. ಸೈರನ್ ಮೊಳಗಿತು, ಗ್ರಾಫಿಕ್ಸ್‌ನಲ್ಲಿ ಬೆಂಕಿ ಎದ್ದಿತು, ನಿರೂಪಕರ ಗಂಟಲು ಹರಿಯಿತು. ಬೆಳಗಾದಾಗ ಬಂದರು ಇದ್ದಲ್ಲೇ ಇತ್ತು, ಹಡಗುಗಳು ಎಂದಿನಂತೆ ಸರಕು ಇಳಿಸುತ್ತಿದ್ದವು. ವಿಶೇಷವೇನೆಂದರೆ, ನಮ್ಮ ಸೇನೆ ಹಾಗೆಂದು ಹೇಳಿಯೇ ಇರಲಿಲ್ಲ. ನಿಮ್ಮ ಕಾಲದಲ್ಲಿ ಇದಕ್ಕೆ ಸಮವಸ್ತ್ರ, ಮೊಹರು, ಒಂದಿಡೀ ಇಲಾಖೆ ಬೇಕಿತ್ತು. ಈಗ ಉದ್ಯಮ ಪೂರ್ತಿ ಖಾಸಗಿಯವರ ಕೈಗೆ ಬಂದಿದೆ. ನೀವು ಮರ್ಯಾದೆಗಾದರೂ ನಿಮ್ಮದೊಂದು ಹಡಗು ಮುಳುಗಿತೆಂದು ಬರೆಯುತ್ತಿದ್ದಿರಿ. ಆ ಹಳೇ ಶಿಸ್ತು ನಮ್ಮವರಿಗಿನ್ನೂ ಬಂದಿಲ್ಲ.

ಹಾಗಾಗಿ ಗೌರವಧನ ಕೇಳುವ ಮನಸ್ಸಿದ್ದರೆ ದೆಹಲಿಯ ರಕ್ಷಣಾ ಸಚಿವಾಲಯಕ್ಕೆ ಬರೆದು ಕಾಲ ಕಳೆಯಬೇಡಿ. ಬಿಲ್ಲನ್ನು ನೇರ ಟಿವಿ ಚಾನೆಲ್‌ಗಳಿರುವ ನೋಯ್ಡಾಕ್ಕೆ ಕಳಿಸಿ. ಒಂದೆರಡು ಪ್ರತಿ ಬೆಂಗಳೂರಿಗೂ ಇರಲಿ.

ಇತಿ ನಿಮ್ಮ ವಿಶ್ವಾಸಿ,
ದಿನಾ ಪೇಪರ್ ಓದುವವ