ಔಟಪ್ಪನ ಸೀಸನ್ ಟಿಕೆಟ್

2017ರ ಮಾರ್ಚ್ 18, ಶನಿವಾರ. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನ ಹಾಥಾರ್ನ್ಸ್ ಮೈದಾನದಲ್ಲಿ ಲಂಡನ್ನಿನ ಆರ್ಸೆನಲ್ ತಂಡ ಆಡುತ್ತಿತ್ತು. ಆಟದ ನಡುವೆ ಒಂದು ಪುಟ್ಟ ವಿಮಾನ ಗುರುಗುಟ್ಟುತ್ತ ಬಂತು. ಅದರ ಬಾಲಕ್ಕೆ ಕಟ್ಟಿದ್ದ ಬ್ಯಾನರಿನಲ್ಲಿ ‘ಹೊಸ ಒಪ್ಪಂದ ಬೇಡ, ವೆಂಗರ್ ಔಟ್’ ಎಂಬರ್ಥದ ಬರಹವಿತ್ತು. ವೆಂಗರ್ ಎಂದರೆ ಆರ್ಸೆನಲ್‌ನ ಮ್ಯಾನೇಜರ್. ಬಳಿಕ ಇನ್ನೊಂದು ವಿಮಾನ ಬಂತು. ಅದರ ಬಾಲದಲ್ಲಿ ಆರ್ಸೆನ್ ವೆಂಗರ್ ಮೇಲೆ ನಮಗೆ ನಂಬಿಕೆಯಿದೆ, ಅವರಿಗೆ ಗೌರವ ಕೊಡಿ ಎಂಬ ಒಕ್ಕಣೆ. ಎರಡಕ್ಕೂ ಬಾಡಿಗೆ ಕೊಟ್ಟವರು ಆರ್ಸೆನಲ್ ಅಭಿಮಾನಿಗಳೇ. ಕೆಳಗೆ ಅವರ ತಂಡ 3-1ರಿಂದ ಸೋತಿತು. ಎದುರಾಳಿಯ ಕ್ರೇಗ್ ಡಾಸನ್ ಎರಡು ಸಲ ಕಾರ್ನರ್ ಕಿಕ್ಕಿಗೆ ತಲೆಯೊಡ್ಡಿ ಗೋಲು ಹೊಡೆದ. ಮೇಲೆ ನೋಡಬೇಕಿದ್ದ ಡಿಫೆಂಡರ್‌ಗಳು ಕೆಳಗೆ ನೋಡುತ್ತಿದ್ದರು, ಕೆಳಗೆ ನೋಡಬೇಕಿದ್ದ ಪ್ರೇಕ್ಷಕರು ಮೇಲೆ ನೋಡುತ್ತಿದ್ದರು.

ಮೊದಲ ವಿಮಾನಕ್ಕೆ ಚಂದಾ ಎತ್ತಿದ ಜಾತಿಯವನನ್ನು ಔಟಪ್ಪ ಎನ್ನೋಣ. ಎರಡನೆಯದರ ಗಿರಾಕಿ ಇನ್ನಪ್ಪ. ಇಂಗ್ಲೆಂಡಿನ ಫುಟ್‌ಬಾಲ್ ಊರುಗಳಲ್ಲಿ ಇವರಿಬ್ಬರೂ ಇಲ್ಲದ ಬೀದಿಯಿಲ್ಲ. ಆದರೆ ಉತ್ತರ ಲಂಡನ್ನಿನಲ್ಲಿ 2011ರಿಂದ 2018ರವರೆಗೆ ಬೆಳೆದಷ್ಟು ಹುಲುಸಾಗಿ ಈ ಬೆಳೆ ಇನ್ನೆಲ್ಲೂ ಬೆಳೆದಿಲ್ಲ.

ವೆಂಗರ್ 1996ರಲ್ಲಿ ಜಪಾನಿನಿಂದ ಬಂದಿಳಿದಾಗ, ‘ಆರ್ಸೆನ್ ಯಾರು?’ ಎಂದು ಲಂಡನ್ನಿನ ಪತ್ರಿಕೆಯೇ ತಲೆಬರಹದಲ್ಲಿ ಕೇಳಿತ್ತು. ಎರಡು ವರ್ಷ ತುಂಬುವುದರೊಳಗೆ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದು ಉತ್ತರ ಹೇಳಿದರು. 2003-04ರಲ್ಲಿ ತಂಡ ಇಡೀ ಲೀಗನ್ನು ಒಂದೂ ಪಂದ್ಯ ಸೋಲದೆ ಮುಗಿಸಿತು. ಆ ಅಜೇಯ ಸರಣಿ 49 ಪಂದ್ಯಗಳಿಗೆ ಹೋಗಿ ನಿಂತಿತು. 2006ರಲ್ಲಿ ಹಳೆಯ ಹೈಬರಿ ಬಿಟ್ಟು 60 ಸಾವಿರ ಆಸನಗಳ ಎಮಿರೇಟ್ಸ್‌ಗೆ ಬಂದರು. ಹೊಸ ಮನೆ ಕಟ್ಟಿದವರ ಸಂಕಟ ಗೊತ್ತಲ್ಲ, ಗೃಹಪ್ರವೇಶದ ಮಾರನೆಯ ದಿನದಿಂದ ಸಾಲದ ಕಂತು. ಒಳ್ಳೊಳ್ಳೆಯ ಆಟಗಾರರು ಒಬ್ಬೊಬ್ಬರೇ ಹೊರಟರು. 2011ರಲ್ಲಿ ಫ್ಯಾಬ್ರೆಗಸ್ ಬಾರ್ಸಿಲೋನಾಕ್ಕೆ ಹೋದ. 2012ರಲ್ಲಿ ವ್ಯಾನ್ ಪರ್ಸಿ ನೇರ ವೈರಿಯ ಮನೆಗೇ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. 2005ರ ನಂತರ ಒಂಬತ್ತು ವರ್ಷ ಕಪಾಟಿಗೆ ಒಂದು ಕಪ್ಪೂ ಬರಲಿಲ್ಲ. 2011ರ ಆಗಸ್ಟಿನಲ್ಲಿ ಯುನೈಟೆಡ್ ಎದುರು 8-2ರ ಸೋಲು. ಔಟಪ್ಪ ಹುಟ್ಟಿದ್ದು ಸುಮಾರು ಆ ಹೊತ್ತಿಗೆ.

ಔಟಪ್ಪನದು ದೊಡ್ಡ ಗಂಟಲು. ಅವನ ಜೇಬಿನಲ್ಲಿ ಸೀಸನ್ ಟಿಕೆಟ್ ಇರುತ್ತದೆ. ಎಮಿರೇಟ್ಸ್‌ನಲ್ಲಿ ದುಬಾರಿ ಸೀಟಿನದು ವರ್ಷಕ್ಕೆ ಎರಡು ಸಾವಿರ ಪೌಂಡ್ ದಾಟುತ್ತಿತ್ತು. ಪ್ರತಿ ಮೇ ತಿಂಗಳಲ್ಲಿ ಅವನು ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡುತ್ತಾನೆ: “ಈ ಮನುಷ್ಯ ಇರೋ ತನಕ ನಾನು ರಿನ್ಯೂ ಮಾಡಲ್ಲ.” ಹೆಂಡತಿ ತಲೆಯಾಡಿಸುತ್ತಾಳೆ. ಟಿಕೆಟ್ ಬಿಟ್ಟರೆ ಆ ಸೀಟಿಗೆ ಸಾವಿರಾರು ಜನ ಸರದಿಯಲ್ಲಿ ಕಾಯುತ್ತಿದ್ದಾರೆ, ಮತ್ತೆ ಬೇಕೆಂದರೆ ಸರದಿಯ ಬಾಲಕ್ಕೆ ಹೋಗಬೇಕು. ಹೀಗಾಗಿ ಜೂನ್‌ನಲ್ಲಿ ಸದ್ದಿಲ್ಲದೆ ಹಣ ಕಟ್ಟಿ ಬರುತ್ತಾನೆ. ಯಾಕಯ್ಯಾ ಎಂದರೆ, “ಒಳಗಿದ್ದುಕೊಂಡೇ ಪ್ರತಿಭಟಿಸಬೇಕು” ಎನ್ನುತ್ತಾನೆ.

ಇನ್ನಪ್ಪನದು ಮೆಲುದನಿ, ಬಾಯಿ ತುಂಬ ಅಂಕಿಸಂಖ್ಯೆ. ಸತತ 20 ವರ್ಷ ಮೊದಲ ನಾಲ್ಕರೊಳಗೆ ಬಂದಿದ್ದೇವೆ ಎಂಬುದು ಅವನ ಬ್ರಹ್ಮಾಸ್ತ್ರ. 2016ಕ್ಕೆ ಅದು ಸತ್ಯವೂ ಆಗಿತ್ತು. ಬಯರ್ನ್ ಮ್ಯೂನಿಕ್ ಎದುರು 5-1ರಿಂದ ಸೋತೆವಲ್ಲ ಎಂದರೆ ಅವನು 2004ರ ಕಥೆ ತೆಗೆಯುತ್ತಾನೆ. ತವರಿನಲ್ಲೂ 5-1 ಆಯಿತಲ್ಲ, ಒಟ್ಟು 10-2 ಎಂದರೆ ಸ್ಟೇಡಿಯಂ ಸಾಲದ ಕಥೆ. ಮದುವೆ ಮನೆಯಲ್ಲಿ ಸಾರು ಉಪ್ಪಾಯಿತೆಂದವರಿಗೂ ಅವನು ಹೈಬರಿಯ ಹುಲ್ಲಿನ ವರ್ಣನೆ ಮಾಡಬಲ್ಲ.

ಇವರಿಬ್ಬರೂ ಕೂರುವುದು ಪಕ್ಕಪಕ್ಕದ ಸೀಟಿನಲ್ಲಿ. ಎಷ್ಟೋ ಕಡೆ ಅಪ್ಪ ಇನ್ನಪ್ಪ, ಮಗ ಔಟಪ್ಪ. ಅಪ್ಪ 1-0 ಗೆಲುವುಗಳ ಬೇಸರದ ಕಾಲ ಕಂಡವನು, ವೆಂಗರ್ ಬಂದ ಮೇಲೆ ಚೆಂಡು ಹುಲ್ಲಿನ ಮೇಲೆ ಹರಿದದ್ದನ್ನು ನೋಡಿ ಕಣ್ಣೊರೆಸಿಕೊಂಡವನು. ಮಗನಿಗೆ ನೆನಪಿರುವುದು ನಾಲ್ಕನೇ ಸ್ಥಾನ ಮಾತ್ರ.

2016ರ ಏಪ್ರಿಲ್ 30ರಂದು ನಾರ್ವಿಚ್ ಎದುರಿನ ಪಂದ್ಯದಲ್ಲಿ ಈ ಜಗಳ ಕಾಗದದ ಮೇಲೆ ಬಂತು. ‘ಬದಲಾವಣೆಗೆ ಕಾಲ ಬಂದಿದೆ’ ಎಂದು ಅಚ್ಚು ಹಾಕಿದ ಹಾಳೆಗಳನ್ನು ಸ್ಟೇಡಿಯಂ ಹೊರಗೆ ಹಂಚಿದರು. ಲೀಗ್ ಗೆದ್ದು 12 ವರ್ಷವಾಯಿತಲ್ಲ, ಅದಕ್ಕೆ 12ನೇ ನಿಮಿಷದಲ್ಲಿ ಎಲ್ಲರೂ ಎತ್ತಿ ಹಿಡಿಯಬೇಕು ಎಂಬುದು ಏರ್ಪಾಡು. ಶಿಸ್ತು ಎಂದರೆ ಹೀಗಿರಬೇಕು: ಕ್ರಾಂತಿಗೂ ಟೈಂ ಟೇಬಲ್. 12ನೇ ನಿಮಿಷ ಬಂತು, ಹಾಳೆಗಳು ಎದ್ದವು. ಅವು ಎದ್ದದ್ದೇ ತಡ, ಉಳಿದ ಕಡೆಗಳಿಂದ ವೆಂಗರ್ ಒಬ್ಬನೇ ಎಂಬ ಹಳೆಯ ಹಾಡು ಶುರುವಾಯಿತು. ವೆಂಗರ್‌ರನ್ನು ಹೊಗಳಿ ಅಷ್ಟು ಜೋರಾಗಿ ಹಾಡಿ ಅದೆಷ್ಟು ದಿನವಾಗಿತ್ತೋ. ಔಟಪ್ಪ ಪುಕ್ಕಟೆಯಾಗಿ ಅದನ್ನು ಮಾಡಿಸಿಕೊಟ್ಟ. ಇವೆರಡರ ನಡುವೆ ಮೂರನೆಯ ಪಕ್ಷವೂ ಇತ್ತು. ಹಾಳೆ ತೆಗೆದುಕೊಂಡು ಎತ್ತದವರು, ಬಾಯಿ ತೆರೆದು ಹಾಡದವರು. ಅಡ್ಡಗೋಡೆಯ ಮೇಲೆ ದೀಪ ಇಡುವ ಇವರೇ ಯಾವ ಕ್ಲಬ್ಬಿನಲ್ಲೂ ಬಹುಸಂಖ್ಯಾತರು. ಆಮೇಲೆ ದ್ವಿತೀಯಾರ್ಧದಲ್ಲಿ ಡ್ಯಾನಿ ವೆಲ್‌ಬೆಕ್ ಗೋಲು ಹೊಡೆದ. ಹಾಳೆಯವರೂ ಹಾಡಿದವರೂ ಒಟ್ಟಿಗೆ ಎದ್ದು ಕುಣಿದರು. ಆರ್ಸೆನಲ್ 1-0ರಿಂದ ಗೆದ್ದಿತು, ಪ್ರತಿಭಟನೆ ಡ್ರಾ ಆಯಿತು.

ಮೈದಾನದ ಹೊರಗೆ ಒಂದು ಕ್ಯಾಮೆರಾ ಕಾಯುತ್ತಿರುತ್ತಿತ್ತು. ರಾಬಿ ಲೈಲ್ 2012ರಲ್ಲಿ ಶುರುಮಾಡಿದ ಆರ್ಸೆನಲ್ ಫ್ಯಾನ್ ಟಿವಿ ಅದು. ಸೋತ ದಿನ ಔಟಪ್ಪ ಅದರ ಮುಂದೆ ಬಂದು ಮೈಮೇಲೆ ದೇವರು ಬಂದವನ ಹಾಗೆ ಆಡಿದರೆ ನೋಡುಗರಿಗೆ ಹಬ್ಬ. ಗೆದ್ದ ದಿನ ಅದೇ ಮನುಷ್ಯನ ಮಾತು ಸಪ್ಪೆ. ತಂಡದ ಸೋಲಿನಲ್ಲಿ ತನ್ನ ಜನಪ್ರಿಯತೆ ಇದೆಯೆಂದು ಗೊತ್ತಾದ ಅಭಿಮಾನಿಯ ಪಾಡು ಏನೆಂದು ಯಾರೂ ಸರಿಯಾಗಿ ಬರೆದಿಲ್ಲ.

ವಾದಕ್ಕೆ ನಿಂತರೆ ಇಬ್ಬರೂ ಮ್ಯಾಂಚೆಸ್ಟರ್ ಯುನೈಟೆಡ್‌ನ ಇತಿಹಾಸವನ್ನೇ ಎಳೆದು ತರುತ್ತಾರೆ. 1989ರ ಡಿಸೆಂಬರಿನಲ್ಲಿ ಅಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು ಸೋತ ದಿನ ಒಬ್ಬ ಅಭಿಮಾನಿ ಬ್ಯಾನರ್ ಬಿಚ್ಚಿದ್ದ: ಮೂರು ವರ್ಷದಿಂದ ಬರೀ ನೆಪ, ಇನ್ನು ಹೊರಡಿ ಫರ್ಗಿ ಎಂದು. ಐದೇ ತಿಂಗಳಿಗೆ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಎಫ್‌ಎ ಕಪ್ ಗೆದ್ದರು, ಅದೂ ಅದೇ ಕ್ರಿಸ್ಟಲ್ ಪ್ಯಾಲೆಸ್ ತಂಡವನ್ನು ಸೋಲಿಸಿ. ಆಮೇಲೆ 13 ಲೀಗ್ ಪಟ್ಟ ಗೆದ್ದು 2013ರಲ್ಲಿ ತಾವಾಗಿಯೇ ಹೊರಟರು. “ನೋಡಿದ್ಯಾ, ತಾಳಿದವನು ಬಾಳಿಯಾನು” ಎನ್ನುತ್ತಾನೆ ಇನ್ನಪ್ಪ. ಔಟಪ್ಪನ ಬಳಿಯೂ ಸರಕಿದೆ. 2014ರ ಮಾರ್ಚ್ 29ರಂದು ಫರ್ಗುಸನ್ ಉತ್ತರಾಧಿಕಾರಿ ಡೇವಿಡ್ ಮೋಯ್ಸ್ ವಿರುದ್ಧ ಅದೇ ಮೈದಾನದ ಮೇಲೆ ವಿಮಾನ ಹಾರಿತು. ಒಳಗಿದ್ದ ಪ್ರೇಕ್ಷಕರು ವಿಮಾನಕ್ಕೇ ಛೀಮಾರಿ ಹಾಕಿ ಮೋಯ್ಸ್‌ಗೆ ಚಪ್ಪಾಳೆ ತಟ್ಟಿದರು, ತಂಡ 4-1ರಿಂದ ಗೆದ್ದಿತು. ಏಪ್ರಿಲ್ 22ಕ್ಕೆ ಮೋಯ್ಸ್ ಕೆಲಸ ಹೋಯಿತು. ಚಪ್ಪಾಳೆಯ ಬೆಲೆ 24 ದಿನ.

ಪ್ರತಿಭಟನೆಯಲ್ಲಿ ಕಲ್ಪನಾಶಕ್ತಿಗೆ ಬಹುಮಾನ ಕೊಡುವುದಾದರೆ ಅದು ಲಂಡನ್ನಿಗೆ ಸಲ್ಲದು. 2018ರ ಅಕ್ಟೋಬರಿನಲ್ಲಿ ಆಸ್ಟನ್ ವಿಲ್ಲಾದ ಮ್ಯಾನೇಜರ್ ಸ್ಟೀವ್ ಬ್ರೂಸ್ ಕಡೆಗೆ ಯಾರೋ ಒಂದು ಎಲೆಕೋಸು ಎಸೆದರು. ಮರುದಿನ ಬ್ರೂಸ್ ಕೆಲಸದಲ್ಲಿರಲಿಲ್ಲ. ಬ್ಲ್ಯಾಕ್‌ಬರ್ನ್‌ನವರದು ಇನ್ನೂ ರುಚಿಯಾದ ಕಥೆ, ಅದರಲ್ಲಿ ನಮ್ಮ ದೇಶದ ಮಸಾಲೆಯೂ ಇದೆ. ಪುಣೆಯ ವೆಂಕೀಸ್ ಕೋಳಿ ಕಂಪನಿ 2010ರ ನವೆಂಬರಿನಲ್ಲಿ ಆ ಕ್ಲಬ್ಬನ್ನು ಕೊಂಡು, ಮರುತಿಂಗಳೇ ಅನುಭವಿ ಸ್ಯಾಮ್ ಅಲರ್ಡೈಸ್‌ರನ್ನು ಕಳಿಸಿ, ಸ್ಟೀವ್ ಕೀನ್ ಎಂಬ ಕೋಚ್ ಕೈಗೆ ತಂಡ ಕೊಟ್ಟಿತು. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೋಳಿ ತಿನ್ನುವ ಜಾಹೀರಾತೂ ಬಂತು. 2012ರ ಮೇ 7ರಂದು ವಿಗನ್ ಎದುರಿನ ಪಂದ್ಯದಲ್ಲಿ ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಅಭಿಮಾನಿಗಳು ಮೈದಾನಕ್ಕೆ ಬಿಟ್ಟರು. ಆ ರಾತ್ರಿ ಬ್ಲ್ಯಾಕ್‌ಬರ್ನ್ ಸೋತು ಪ್ರೀಮಿಯರ್ ಲೀಗಿನಿಂದಲೇ ಕೆಳಗಿಳಿಯಿತು. ಕೀನ್ ಮಾತ್ರ ಸೆಪ್ಟೆಂಬರ್‌ವರೆಗೂ ಕುರ್ಚಿ ಬಿಡಲಿಲ್ಲ. ಎಲೆಕೋಸಿಗೆ ಇದ್ದ ಮಹಿಮೆ ಕೋಳಿಗೆ ಇರಲಿಲ್ಲ.

ಔಟಪ್ಪನ ತಳಿ ಬೆಂಗಳೂರಿನ ಪಬ್ಬುಗಳಲ್ಲೂ ಚೆನ್ನಾಗಿ ಹಬ್ಬಿದೆ. ಚಳಿಗಾಲದಲ್ಲಿ ಲಂಡನ್ನಿನ ಮಧ್ಯಾಹ್ನ ಮೂರರ ಆಟ ಇಲ್ಲಿ ರಾತ್ರಿ ಎಂಟೂವರೆಗೆ ಶುರು. ಇಲ್ಲಿಯ ಔಟಪ್ಪನಿಗೆ ಸೀಸನ್ ಟಿಕೆಟ್ಟಿನ ಕಾಟವಿಲ್ಲ, ಆದ್ದರಿಂದ ಬಹಿಷ್ಕಾರದ ಬೆದರಿಕೆಯನ್ನು ನಿರ್ಭಯವಾಗಿ ಹಾಕಬಲ್ಲ. “ಆ ಮನುಷ್ಯನ್ನ ಇನ್ನೂ ಇಟ್ಕೊಂಡಿದಾರಲ್ಲ ಗುರೂ” ಎಂದು ಟಿವಿಗೆ ಬೈದು ಇನ್ನೊಂದು ಪಿಚರ್ ಬಿಯರ್ ಹೇಳುತ್ತಾನೆ. ಅದೇ ವ್ಯಕ್ತಿ ಐಪಿಎಲ್ ಬಂದಾಗ ಆರ್‌ಸಿಬಿ ಜೆರ್ಸಿ ತೊಟ್ಟು ‘ಈ ಸಲ ಕಪ್ ನಮ್ದೇ’ ಎಂದು 2025ರವರೆಗೂ ಕಾದ. ಲಂಡನ್ನಿಗೆ ಕೊಡಲಾರದ ತಾಳ್ಮೆ ಚಿನ್ನಸ್ವಾಮಿಗೆ ಧಾರಾಳ.

‘ವೆಂಗರ್ ಔಟ್’ ಫಲಕ ಇನ್ನೂ ದೂರ ಪ್ರಯಾಣ ಮಾಡಿತು. 2017ರ ಏಪ್ರಿಲಿನಲ್ಲಿ ಅಮೆರಿಕದ ಆರ್ಲಾಂಡೊದಲ್ಲಿ ನಡೆದ ರೆಸಲ್‌ಮೇನಿಯಾ ಕುಸ್ತಿಯ ಗದ್ದಲದಲ್ಲಿ ಅದು ಕಾಣಿಸಿತು. ಅದೇ ನವೆಂಬರಿನಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಅಧ್ಯಕ್ಷ ರಾಬರ್ಟ್ ಮುಗಾಬೆ ಇಳಿಯಲಿ ಎಂದು ಬೀದಿಗಿಳಿದ ಜನಸಾಗರದ ನಡುವೆಯೂ ಯಾರೋ ಅದನ್ನು ಎತ್ತಿ ಹಿಡಿದಿದ್ದರು. 37 ವರ್ಷ ಆಳಿದ್ದ ಮುಗಾಬೆ ನವೆಂಬರ್ 21ಕ್ಕೆ ರಾಜೀನಾಮೆ ಕೊಟ್ಟರು. ವೆಂಗರ್ ಅಲ್ಲೇ ಇದ್ದರು.

ಇದ್ದದ್ದು ಹೇಗೆಂದರೆ, ಆ ವರ್ಷ ಲೀಗಿನಲ್ಲಿ ಐದನೇ ಸ್ಥಾನಕ್ಕೆ ಜಾರಿದ ಆರ್ಸೆನಲ್ ಮೇ 27ರಂದು ಚೆಲ್ಸಿಯನ್ನು 2-1ರಿಂದ ಸೋಲಿಸಿ ಎಫ್‌ಎ ಕಪ್ ಎತ್ತಿತು. ಔಟಪ್ಪ ಆ ರಾತ್ರಿ ಇನ್ನಪ್ಪನನ್ನು ತಬ್ಬಿಕೊಂಡು ಅತ್ತ. ಮೇ 31ರಂದು ವೆಂಗರ್‌ಗೆ ಇನ್ನೆರಡು ವರ್ಷದ ಒಪ್ಪಂದ ಘೋಷಣೆಯಾಯಿತು. ಔಟಪ್ಪ ಮತ್ತೆ ಅತ್ತ.

ಇಷ್ಟೆಲ್ಲ ಕೂಗಾಟದಲ್ಲಿ ಇಬ್ಬರಿಗೂ ಕೈಗೆ ಸಿಗದವನು ಅಮೆರಿಕದ ಮಾಲೀಕ ಸ್ಟ್ಯಾನ್ ಕ್ರೋಂಕಿ. ಬಾಯೇ ಬಿಡದ ಆತನಿಗೆ ‘ಸೈಲೆಂಟ್ ಸ್ಟ್ಯಾನ್’ ಎಂದೇ ಅಡ್ಡಹೆಸರು. ಹಣ ಎಷ್ಟು ಬಿಚ್ಚಬೇಕು, ಮ್ಯಾನೇಜರ್ ಇರಬೇಕೋ ಬೇಡವೋ ಎಂದು ಕೊನೆಗೆ ತೀರ್ಮಾನಿಸುವುದು ಆತನೇ. ಆದರೆ ಪ್ರತಿ ವಾರ ಕಣ್ಣೆದುರು ಉದ್ದ ಕೋಟಿನ ಜಿಪ್ಪಿನ ಜೊತೆ ಗುದ್ದಾಡುತ್ತ ನಿಲ್ಲುತ್ತಿದ್ದವರು ವೆಂಗರ್. ಬೈಯಲು ಕೈಗೆಟುಕುವ ಮುಖ ಬೇಕು. 2014ರ ಡಿಸೆಂಬರಿನಲ್ಲಿ ಸ್ಟೋಕ್ ಎದುರು ಸೋತ ಮೇಲೆ ರೈಲು ಹತ್ತಲು ಹೋದ ವೆಂಗರ್‌ಗೆ ಪ್ಲಾಟ್‌ಫಾರ್ಮಿನಲ್ಲೇ ಮಂಗಳಾರತಿಯಾಯಿತು. ಕ್ರೋಂಕಿಗೆ ಆ ಭಾಗ್ಯವಿಲ್ಲ; ಆತ ಸ್ಟೋಕ್‌ನಲ್ಲಿ ರೈಲು ಹತ್ತುವ ಪೈಕಿ ಅಲ್ಲ.

2018ರ ಹೊತ್ತಿಗೆ ಔಟಪ್ಪ ಕೊನೆಯ ಅಸ್ತ್ರ ತೆಗೆದ: ಹಣ ಕಟ್ಟಿದ ಸೀಟನ್ನು ಖಾಲಿ ಬಿಟ್ಟ. ಪಂದ್ಯದ ಹಾಜರಾತಿಯನ್ನು ಕ್ಲಬ್ಬು ಮಾರಿದ ಟಿಕೆಟ್ಟಿನ ಲೆಕ್ಕದಲ್ಲಿ ಸಾರುತ್ತಿದ್ದುದರಿಂದ, ಮನೆಯಲ್ಲಿ ಮುನಿಸಿಕೊಂಡು ಕೂತಿದ್ದರೂ ಪುಸ್ತಕದಲ್ಲಿ ಅವನು ಹಾಜರು. ಆದರೂ ಖಾಲಿ ಕುರ್ಚಿಗಳು ಟಿವಿಯಲ್ಲಿ ಕಂಡವು. ಕೂಗಿಗೆ ಅಲುಗದ ಕ್ಲಬ್ಬು ಈ ಮೌನಕ್ಕೆ ಅಲುಗಿರಬಹುದೆಂದು ನನ್ನ ಅನುಮಾನ. ಏಪ್ರಿಲ್ 20ರಂದು ವೆಂಗರ್ ನಿರ್ಗಮನ ಪ್ರಕಟವಾಯಿತು. ಮೇ 6ರ ಕೊನೆಯ ತವರು ಪಂದ್ಯಕ್ಕೆ ಸೀಟುಗಳ ಮೇಲೆ ‘ಮೆರ್ಸಿ ಆರ್ಸೆನ್’ ಎಂದು ಬರೆದ ಕೆಂಪು ಟೀ ಶರ್ಟು ಇಟ್ಟಿದ್ದರು. ತಂಡ ಬರ್ನ್ಲಿಯನ್ನು 5-0ಯಿಂದ ಬಡಿಯಿತು. ಮೈಕ್ ಹಿಡಿದ ವೆಂಗರ್ ಮೊದಲು ಆಸ್ಪತ್ರೆಯಲ್ಲಿದ್ದ ಫರ್ಗುಸನ್‌ಗೆ ಗುಣವಾಗಲಿ ಎಂದರು, ಆಮೇಲೆ ವಿದಾಯ ಹೇಳಿದರು. ಔಟಪ್ಪನೂ ಅಂಗಿ ಹಾಕಿಕೊಂಡಿದ್ದ. “ಫ್ರೀ ಕೊಟ್ಟರು” ಎಂದು ಆಮೇಲೆ ಸಮಜಾಯಿಷಿ.

ವೆಂಗರ್ ಹೋದರೆ ಔಟಪ್ಪನ ಕಸುಬು ಹೋಗಬೇಕಿತ್ತಲ್ಲ? ಹೋಗಲಿಲ್ಲ. ಮುಂದಿನ ಮ್ಯಾನೇಜರ್ ಉನಾಯ್ ಎಮೆರಿ 2019ರ ನವೆಂಬರ್ 29ರವರೆಗೆ ಅವನಿಗೆ ಕೆಲಸ ಕೊಟ್ಟರು. ಬಳಿಕ ಬಂದ ಮಿಕೆಲ್ ಆರ್ಟೆಟಾ 2021ರ ಆಗಸ್ಟಿನಲ್ಲಿ ಮೊದಲ ಮೂರು ಲೀಗ್ ಪಂದ್ಯಗಳನ್ನು ಒಂದೂ ಗೋಲಿಲ್ಲದೆ ಸೋತಾಗ ಹಳೆಯ ಫಲಕದಲ್ಲಿ ಹೆಸರು ಮಾತ್ರ ಬದಲಾಯಿತು. ಅದೇ ಆರ್ಟೆಟಾ 2023ರಿಂದ 2025ರವರೆಗೆ ಸತತ ಮೂರು ಸಲ ತಂಡವನ್ನು ಎರಡನೇ ಸ್ಥಾನಕ್ಕೆ ತಂದರು. ಈಗ ಕೇಳಿದರೆ, ಆ ಹುಡುಗನಿಗೆ ಸಮಯ ಕೊಡಬೇಕೆಂದು ಮೊದಲು ಹೇಳಿದವನೇ ತಾನು ಎನ್ನುತ್ತಾನೆ ಔಟಪ್ಪ.

2023ರ ಜುಲೈನಲ್ಲಿ ಎಮಿರೇಟ್ಸ್ ಹೊರಗೆ ವೆಂಗರ್‌ರ ಕಂಚಿನ ಪ್ರತಿಮೆ ನಿಂತಿತು, ಕೈಯಲ್ಲಿ ಲೀಗ್ ಟ್ರೋಫಿ. ಲಂಡನ್ನಿಗೆ ಹೋದರೆ ನೋಡಿ ಬನ್ನಿ. ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಿರುವವರನ್ನು “ನೀವು ಯಾವ ವಿಮಾನದ ಕಡೆ ಇದ್ರಿ?” ಎಂದು ಮಾತ್ರ ಕೇಳಬೇಡಿ. ಕೇಳಿದರೆ ವಾಪಸು ಹೋಗುವ ನಿಮ್ಮ ವಿಮಾನ ತಪ್ಪುತ್ತದೆ.