ಕ್ರೋಶಾ ಸೂಜಿಯೊಡನೆ ಒಂದು ಮಧ್ಯಾಹ್ನ

ಇಳಕಲ್ಲಿನ ಕೆಂಪು ಕಲ್ಲು ಮುಂಜಾವಿನಿಂದ ಹೀರಿಕೊಂಡ ಬಿಸಿಲನ್ನೆಲ್ಲ ಮಧ್ಯಾಹ್ನದ ಊಟವಾದ ಮೇಲೆ ಬಡ್ಡಿಸಮೇತ ಹಿಂದಿರುಗಿಸುವ ಚೈತ್ರಮಾಸದ ಒಂದು ದಿನ, ಓಣಿಯ ನಾಯಿಗಳು ಸಹ ಗಟಾರದ ತಂಪನ್ನು ಆಶ್ರಯಿಸಿ ಮೌನವ್ರತವನ್ನು ಕೈಕೊಂಡಿದ್ದಾಗ, ನನ್ನ ಸೋದರತ್ತೆಯವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಉಲ್ಲನ್ನಿನ ಮಫ್ಲರೊಂದನ್ನು ಹೆಣೆಯುತ್ತಿದ್ದರು. ಉಷ್ಣಮಾನ 40 ಡಿಗ್ರಿಯನ್ನು ಮುಟ್ಟಿರುವಾಗ ಕೊರಳಿಗೆ ಸುತ್ತಿಕೊಳ್ಳುವ ಈ ವಸ್ತ್ರ ಯಾರಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಿದವರಿಗೇ ಅದು ಸಲ್ಲತಕ್ಕದ್ದೆಂಬ ಸಂಪ್ರದಾಯ ನಮ್ಮ ಮನೆತನದಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಹತ್ತು ಸಾಲು ಮುಗಿಯುವಷ್ಟರಲ್ಲಿ ನಿದ್ರೆ ಅವರನ್ನು ಗೆದ್ದಿತು. ಕೈಯಿಂದ ಜಾರಿದ ಕ್ರೋಶಾ ಸೂಜಿ, ಕರದಂಟು ಖಾಲಿಯಾಗಿ ಉಲ್ಲನ್ನಿಗೆ ಆಶ್ರಯವಾಗಿದ್ದ ಅಮೀನಗಡದ ಡಬ್ಬಿಯ ಅಂಚಿಗೆ ತಾಗಿ ‘ಠಣ್’ ಎಂದಿತು. ಗೇಣಿಗಿಂತ ಗಿಡ್ಡನೆಯ, ತುದಿಯಲ್ಲಿ ವಿನಯದಿಂದ ತಲೆ ಬಾಗಿಸಿದ ಆ ಕಡ್ಡಿಯನ್ನು ಎತ್ತಿಕೊಂಡಾಗ, ಮನೆಯಲ್ಲಿಯೇ ಸುಲಭವಾಗಿಯೂ ಶೀಘ್ರವಾಗಿಯೂ ಮಫ್ಲರು-ಶಾಲುಗಳನ್ನು ಹೆಣೆಯುವ ವಿಧಾನವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಪತ್ರಿಕೆಯವರು ವಾರದಿಂದ ಬೆನ್ನುಹತ್ತಿದ್ದುದು ನೆನಪಾಯಿತು. ಕೊಕ್ಕೆ ಹಿಡಿಯಲಾರದ ನಾನು ಬರೆಯುವುದಕ್ಕಿಂತ, ಕರ್ಮಕ್ಕೆ ಸಾಕ್ಷಿಯಾದ ಈ ಕಡ್ಡಿಯನ್ನೇ ಕೇಳಿಬಿಡುವುದು ಮೇಲೆಂದು ತೋರಿ, ಅತ್ತೆಯವರ ಗೊರಕೆಯ ಹಿಮ್ಮೇಳದಲ್ಲಿ ಸಂದರ್ಶನಕ್ಕೆ ತೊಡಗಿದೆ.

ನಾನು: ಸೂಜಿಯವರೆ, ತಮ್ಮ ಪೂರ್ವೋತ್ತರವನ್ನು ತಿಳಿಸಬೇಕು.

ಸೂಜಿ: ಸಂಬೋಧನೆಯಲ್ಲಿಯೇ ಅಪಚಾರವಾಯಿತು. ಸೂಜಿಯೆಂದರೆ ಕಣ್ಣಿರಬೇಕು, ನನಗಿರುವುದು ಕೊಕ್ಕೆ ಮಾತ್ರ. ಫ್ರೆಂಚರ ನುಡಿಯಲ್ಲಿ ನನ್ನ ಹೆಸರಿಗೆ ಚಿಕ್ಕ ಕೊಕ್ಕೆ ಎಂದೇ ಅರ್ಥ. ಆದರೆ ನಿಮ್ಮ ನಾಡಿನಲ್ಲಿ ಆ ಶಬ್ದಕ್ಕೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ನಾನು ಕೊಕ್ಕೆ ಹಾಕಿದರೆ ಶಾಲು ಮುಂದಕ್ಕೆ ಸಾಗುತ್ತದೆ. ನಿಮ್ಮ ಗುಮಾಸ್ತರು ಕೊಕ್ಕೆ ಹಾಕಿದರೆ ಕಡತ ನಿಂತಲ್ಲಿಯೇ ನಿಲ್ಲುತ್ತದೆ. ಅವರಿಗೂ ನನಗೂ ಬಂಧುತ್ವವಿಲ್ಲವೆಂಬುದನ್ನು ದಯವಿಟ್ಟು ಮೊದಲಿಗೇ ಬರೆದುಕೊಳ್ಳಿ.

ನಾನು: ಬರೆದುಕೊಂಡೆ. ಈ ಊರಿಗೆ ಹೇಗೆ ಬಂದಿರಿ?

ಸೂಜಿ: ನಿಮ್ಮ ಅತ್ತೆಯವರು ನನ್ನನ್ನು ಕೊಂಡದ್ದು ಹಳೆಯ ಬಾಗಲಕೋಟೆಯ ಅಂಗಡಿಯೊಂದರಲ್ಲಿ. ಆ ಓಣಿ ಈಗ ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ. ಅಂಗಡಿಯವರು ನವನಗರಕ್ಕೆ ಹೋಗಿ ಒಂದು ಸೆಕ್ಟರಿನ ಸಂಖ್ಯೆಯಾಗಿದ್ದಾರೆ. ಇದು ನನ್ನ ಸ್ವಂತ ಪ್ರಯಾಣ. ವಂಶದ ಪ್ರಯಾಣ ಇನ್ನೂ ದೀರ್ಘವಾದುದು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲದಲ್ಲಿಯೇ ಕೊಳೆತು ಮಹಾಕ್ಷಾಮ ತಲೆದೋರಿದಾಗ, ಆ ದೇಶದ ಹೆಣ್ಣುಮಕ್ಕಳು ನನ್ನ ಕುಲದವರನ್ನು ಹಿಡಿದು ಲೇಸು ಹೆಣೆದು ಮಾರಿ ಮಕ್ಕಳಿಗೆ ಅನ್ನ ಕಾಣಿಸಿದರು. ಅದೇ ದಶಕದಲ್ಲಿ ಸ್ಕಾಟ್ಲೆಂಡಿನ ಮಿಶನರಿ ದಂಪತಿಗಳು ಗೋದಾವರಿಯ ತೀರದ ನರಸಾಪುರದಲ್ಲಿ ಹೆಂಗಸರಿಗೆ ಈ ವಿದ್ಯೆಯನ್ನು ಕಲಿಸಿದರೆಂದು ಹೇಳುತ್ತಾರೆ.

ನಾನು: ಅಂದಮೇಲೆ ತಾವು ದುರ್ಭಿಕ್ಷದ ಸಂತಾನ.

ಸೂಜಿ: ಅರಮನೆಯನ್ನೂ ಕಂಡ ಸಂತಾನ. ವಿಕ್ಟೋರಿಯಾ ರಾಣಿ 1900ರ ಸುಮಾರಿಗೆ, ಬೋಯರ್ ಯುದ್ಧದಲ್ಲಿ ಪರಾಕ್ರಮ ಮೆರೆದ ಸಿಪಾಯಿಗಳಿಗಾಗಿ ಸ್ವಹಸ್ತದಿಂದ ಎಂಟು ಸ್ಕಾರ್ಫುಗಳನ್ನು ಕ್ರೋಶಾದಲ್ಲಿ ಹೆಣೆದಳು. ನಾಲ್ಕು ಬ್ರಿಟನ್ನಿನವರಿಗೆ, ನಾಲ್ಕು ವಸಾಹತುಗಳ ದಂಡಿನವರಿಗೆ. ಆ ಎಂಟರ ಕಥೆಯನ್ನು ಚರಿತ್ರಕಾರರು ಇಂದಿಗೂ ಬರೆಯುತ್ತಾರೆ. ನಿಮ್ಮ ಅತ್ತೆಯವರು ಈವರೆಗೆ ಅದರ ಹತ್ತು ಮಡಿ ಹೆಣೆದಿದ್ದಾರೆ. ಅವುಗಳಲ್ಲಿ ಒಂದು ಈಗ ನಿಮ್ಮ ಮೋಟಾರು ಸೈಕಲ್ಲಿನ ಸೀಟನ್ನು ಒರೆಸುತ್ತಿದೆಯೆಂದು ಕೇಳಿದ್ದೇನೆ.

(ಈ ಆಪಾದನೆ ನಿಜವಾದುದರಿಂದ ನಾನು ವಿಷಯವನ್ನು ಬದಲಿಸಿದೆ.)

ನಾನು: ಆದರೆ ನಮ್ಮ ಸೀಮೆಯಲ್ಲಿ ಚಳಿಯೆಂಬುದೆಲ್ಲಿ? ಧನುರ್ಮಾಸದ ನಾಲ್ಕು ಬೆಳಗುಗಳಿಗಾಗಿ ವರುಷವೆಲ್ಲ ಶಾಲು ಹೆಣೆಯಬೇಕೆ?

ಸೂಜಿ: ಚಳಿಗಾಗಿ ಹೊದೆಯುವವರು ಕುರಿ ಕಾಯುವವರು. ಅವರಿಗೆ ದಖ್ಖನಿ ಕುರಿಯ ಒರಟು ತುಪ್ಪಟದಿಂದ ನೇಯ್ದ ಕರಿಯ ಕಂಬಳಿಯಿದೆ. ಅದು ಮಳೆಗೆ ಕೊಡೆ, ಇರುಳಿಗೆ ಹಾಸಿಗೆ, ಬಿಸಿಲಿಗೆ ನೆರಳು. ಮಿಕ್ಕವರ ನಾಡಿನಲ್ಲಿ ಶಾಲು ಇರುವುದು ಹೊದಿಸುವುದಕ್ಕೆ, ಹೊದೆಯುವುದಕ್ಕಲ್ಲ. ವೈಶಾಖದ ಸಂಜೆ ಬಾಗಲಕೋಟೆಯ ಯಾವುದಾದರೊಂದು ಸಭಾಭವನಕ್ಕೆ ಹೋಗಿ ನೋಡಿ: ಬೆವರಿನಿಂದ ತೊಯ್ದು ತೊಪ್ಪೆಯಾದ ಗಣ್ಯರೊಬ್ಬರ ಹೆಗಲ ಮೇಲೆ, ಅವರಷ್ಟೇ ಬೆವೆತ ಮತ್ತೊಬ್ಬ ಗಣ್ಯರು ಶಾಲೊಂದನ್ನು ಹೇರುತ್ತಿರುತ್ತಾರೆ, ಮೇಲೆ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಆ ಶಾಲು ಗಿರಣಿಯದು. ಪ್ಲಾಸ್ಟಿಕ್ ಚೀಲದಿಂದ ಹೊರಬಂದು, ಫೋಟೋ ಹಿಡಿಯುವವರೆಗೆ ಹೆಗಲ ಮೇಲಿದ್ದು, ಮರಳಿ ಚೀಲಕ್ಕಿಳಿದು, ಇನ್ನೊಂದು ಸಭೆಯಲ್ಲಿ ಇನ್ನೊಬ್ಬರನ್ನು ಗೌರವಿಸುವ ಅದರ ದೇಶಸಂಚಾರವನ್ನು ಕಂಡು ನನಗೆ ಎಷ್ಟೋ ಸಲ ಮತ್ಸರವಾಗಿದೆ. ನಾನು ಹೆಣೆದುದನ್ನು ಮಾತ್ರ ಯಾರಿಗೂ ಹೊದಿಸುವುದಿಲ್ಲ. ಅದರ ತುಂಬ ತೂತುಗಳಿವೆಯಂತೆ. ಅಲ್ಲಿ ಮಾಡುವ ಭಾಷಣಗಳಲ್ಲಿ ಇಲ್ಲವೆ?

ನಾನು: ಶಾಲಿನಲ್ಲಿ ಸುತ್ತಿ ಹೊಡೆಯುವುದನ್ನು ತಾವು ಚೆನ್ನಾಗಿ ಬಲ್ಲಿರಿ. ಇರಲಿ, ಈ ಉಣ್ಣೆ ಎಲ್ಲಿಯದು?

ಸೂಜಿ: ಉಣ್ಣೆಯೆಂದವರಾರು? ಇದು ಉಲ್ಲನ್. ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವ ಉಂಡೆಗಳಲ್ಲಿ ಬಹುಪಾಲು ಆಕ್ರಿಲಿಕ್. ಕಲ್ಲೆಣ್ಣೆಯ ಕುಲದಲ್ಲಿ ಹುಟ್ಟಿದ್ದು, ಕುರಿಯನ್ನು ಕನಸಿನಲ್ಲಿಯೂ ಕಂಡುದಲ್ಲ. ನಿಮ್ಮ ಬಾಗಿಲ ಮುಂದೆ ಕುರಿಮಂದೆ ಧೂಳೆಬ್ಬಿಸಿ ಹಾದುಹೋಗುತ್ತಿರುತ್ತದೆ, ಒಳಗೆ ಕುಳಿತು ನಾವು ಕಲ್ಲೆಣ್ಣೆಯನ್ನು ಹೆಣೆಯುತ್ತಿರುತ್ತೇವೆ. ಮಂದೆಯ ಉಣ್ಣೆ ಕೊರಳಿಗೆ ಚುಚ್ಚುತ್ತದೆಂಬುದು ನಿಜವೇ. ಆದರೂ ಕುರಿಗಳು ಆ ಕಿಟಕಿಯತ್ತ ನೋಡಿದಾಗ ನನಗೆ ನಾಚಿಕೆಯಾಗುತ್ತದೆ.

ನಾನು: ಈಗ ಪತ್ರಿಕೆಯವರ ಪ್ರಶ್ನೆ. ಸುಲಭವೂ ಶೀಘ್ರವೂ ಆದ ವಿಧಾನವನ್ನು ಅಪ್ಪಣೆ ಕೊಡಿಸಬೇಕು.

ಸೂಜಿ: ದಪ್ಪನೆಯ ನೂಲನ್ನೂ, 8 ಅಥವಾ 10 ಮಿಲಿಮೀಟರಿನ ದಪ್ಪನೆಯ ಕೊಕ್ಕೆಯನ್ನೂ ತೆಗೆದುಕೊಳ್ಳುವುದು. ಮೊದಲೊಂದು ಸಡಿಲ ಕುಣಿಕೆ, ಅದರೊಳಗಿಂದ ನೂಲನ್ನೆಳೆದರೆ ಒಂದು ಚೈನು, ಇಂತಹವು ಇಪ್ಪತ್ತು. ಮೇಲೆ ಮೂರು ಚೈನು ಏರಿಸಿ, ಹಿಂದಿರುಗಿ, ಒಂದೊಂದು ಕಣ್ಣಿಗೂ ಒಂದೊಂದು ಕಂಬ, ಎಂದರೆ ನೂಲನ್ನೊಮ್ಮೆ ಕೊಕ್ಕೆಗೆ ಸುತ್ತಿಕೊಂಡು ಎಳೆದ ಎತ್ತರದ ಹೆಣಿಕೆ, ಹಾಕುವುದು. ಸಾಲು ಮುಗಿದಾಗ ಮತ್ತೆ ಮೂರು ಚೈನು, ಮತ್ತೆ ಹಿಂದಿರುಗುವುದು. ಐದಡಿಯಾದ ಮೇಲೆ ಎರಡು ತುದಿಗೂ ಗೊಂಡೆ ಕಟ್ಟಿದರೆ ಮಫ್ಲರು. ಶಾಲು ಬೇಕಾದರೆ ಮೂಲೆಯಿಂದ ಆರಂಭಿಸಿ, ಸಾಲುಸಾಲಿಗೂ ಎರಡು ಅಂಚಿನಲ್ಲಿ ಹೆಚ್ಚಿಸುತ್ತ ತ್ರಿಕೋಣವಾಗಿ ಬೆಳೆಸುವುದು. ಒಂದು ಕಂಬ ಹಾಕಿ, ಒಂದು ಚೈನು ಹಾಕಿ, ಕೆಳಗಿನ ಒಂದು ಕಣ್ಣನ್ನು ಬಿಟ್ಟು ಬಲೆಯಂತೆ ಹೆಣೆದರೆ ನೂಲೂ ಉಳಿಯುವುದು, ಹೊತ್ತೂ ಉಳಿಯುವುದು. ತೂತಿನಲ್ಲಿಯೇ ಶೀಘ್ರತೆಯ ರಹಸ್ಯವಿದೆ.

ನಾನು: ಎಷ್ಟು ಹೊತ್ತಾದೀತು?

ಸೂಜಿ: ಒಂದು ಸಂಜೆ.

ನಾನು: ಅಷ್ಟೆಯೆ?

ಸೂಜಿ: ಪುಸ್ತಕದಲ್ಲಿ ಹಾಗಿದೆ. ಪುಸ್ತಕದ ಸಂಜೆಯಲ್ಲಿ ನಲ್ಲಿಗೆ ನೀರು ಬರುವುದಿಲ್ಲ, ಹಾಲು ಉಕ್ಕುವುದಿಲ್ಲ, ಇಪ್ಪತ್ತು ರೊಟ್ಟಿ ಬಡಿಯಬೇಕಾಗಿಲ್ಲ, ‘ಏನ್ರೀ ವೈನಿ, ಮನ್ಯಾಗ ಅದೀರೇನು?’ ಎಂದು ಕರೆಯುವ ನೆರೆಯವರಿಲ್ಲ. ನಿಮ್ಮ ಅತ್ತೆಯವರ ಒಂದು ಸಂಜೆಗೆ ಯುಗಾದಿಯಲ್ಲಿ ತೊಡಗಿದರೆ ನಾಗರ ಪಂಚಮಿಯಾಗುತ್ತದೆ. ಸುಲಭವೆಂದು ಹೇಳುವವರಲ್ಲಿ ಹೆಣೆದವರು ವಿರಳ, ಸ್ವಾಮಿ.

ನಾನು: ಮಗ್ಗಗಳ ಊರಿನಲ್ಲಿ ತಮಗೆ ಮರ್ಯಾದೆಯುಂಟೆ?

ಸೂಜಿ: ಕುಣಿಮಗ್ಗದ ಸದ್ದು ಕೇಳಿದಾಗ ನಾನಾಗಿಯೇ ಸುಮ್ಮನಾಗುತ್ತೇನೆ. ಅದರ ಒಂದು ಸೂಕ್ಷ್ಮವನ್ನು ಮಾತ್ರ ನನ್ನ ದಾಯಾದಿಯೆಂದು ಹೇಳಿಕೊಳ್ಳುವ ಸಲಿಗೆ ವಹಿಸಿದ್ದೇನೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದನ್ನೇ ಕೊಂಡಿ ಎನ್ನುವುದು. ಇದರಿಂದಾಗಿ ಒಂದೊಂದು ಸೀರೆಗೂ ಹಾಸನ್ನು ಬೇರೆಬೇರೆಯಾಗಿಯೇ ಸಿದ್ಧಪಡಿಸಬೇಕು. ಹತ್ತು ಸೀರೆಯ ಹಾಸನ್ನು ಒಮ್ಮೆಗೆ ಸುತ್ತಿ ನಿಶ್ಚಿಂತರಾಗುವಂತಿಲ್ಲ. ಚಿಕ್ಕಿಪರಾಸದ ಅಂಚು, ಗೋಮಿಯ ಅಂಚು, ಕೆಂಪು ಬಿಳುಪಿನ ಟೋಪ್‌ತೆನಿಯ ಸೆರಗು ಇವುಗಳನ್ನು ಹೊಗಳುವವರು ಬಹುಮಂದಿ; ಮೈಯೂ ಸೆರಗೂ ಸಂಧಿಸುವ ಆ ಒಂದು ಗೆರೆಯ ಮೇಲೆ ಬೆರಳಾಡಿಸಿ ನೋಡುವವರು ಕಡಮೆ. ಕುಣಿಕೆಯೇ ನನ್ನ ಸರ್ವಸ್ವ. ಸೀರೆಗೆ ಅದು ಬೆನ್ನುಮೂಳೆಯ ಒಂದು ಸಂದು. ಮಗ್ಗದಲ್ಲಿ ಸಾವಿರಾರು ಎಳೆಗಳು ಏಕಕಾಲಕ್ಕೆ ಜೀವಂತವಾಗಿರುತ್ತವೆ, ನನ್ನಲ್ಲಿ ಜೀವವಿರುವುದು ಕಟ್ಟಕಡೆಯ ಒಂದೇ ಕುಣಿಕೆಗೆ.

ನಾನು: ಕಸೂತಿಯವರೊಡನೆ?

ಸೂಜಿ: ಅವರು ಗಂಟಿಲ್ಲದವರು, ಗವಂತಿ ಹೊಲಿಗೆಯಲ್ಲಿ ಒಳಗೂ ಹೊರಗೂ ಒಂದೇ ರೂಪ. ನಾನೋ ಗಂಟಿನವಳು. ಮಾತುಕತೆ ಅಷ್ಟಕ್ಕಷ್ಟೆ.

ನಾನು: ಮಗ್ಗದವರು ವಿದ್ಯುನ್ಮಗ್ಗದ ಅನುಕರಣೆಯಿಂದ ನೊಂದಿದ್ದಾರೆ. 1985ರ ಮೀಸಲಾತಿ ಕಾಯಿದೆ ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಕಾದಿರಿಸಿದೆ, ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಆದರೂ ಅಂಜಿಕೆ ತಪ್ಪಿಲ್ಲ. ತಮಗೆ ಯಂತ್ರದ ಭಯವಿಲ್ಲವೆ?

ಸೂಜಿ: ಇಲ್ಲ. ಅಂಗಡಿಗಳನ್ನು ತುಂಬಬಲ್ಲ ಕ್ರೋಶಾ ಯಂತ್ರ ಇಂದಿಗೂ ಬಂದಿಲ್ಲ. ಆ ಹೆಸರಿನಿಂದ ಮಾರುವ ಯಂತ್ರಗಳು ಮಾಡುವುದು ಬೇರೊಂದು ಬಗೆಯ ಹೆಣಿಕೆಯನ್ನು. ವಿದ್ವಾಂಸರು ಇದಕ್ಕೆ ಕುಣಿಕೆಯ ಜಟಿಲತೆಯನ್ನು ಕಾರಣವಾಗಿ ಹೇಳುತ್ತಾರೆ. ನನಗೆ ತೋರುವ ಕಾರಣ ಇನ್ನೂ ಒಂದಿದೆ: ಪುಕ್ಕಟೆಯಾಗಿ ದುಡಿಯುವ ಕೈಗಿಂತ ಅಗ್ಗವಾದ ಯಂತ್ರವನ್ನು ಯಾವ ಮಹಾನುಭಾವನು ತಾನೆ ನಿರ್ಮಿಸಿಯಾನು? ನರಸಾಪುರದ ಮಾತನ್ನೆತ್ತಿದೆನಲ್ಲ. ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ 1982ರಲ್ಲಿ ಅಲ್ಲಿಯ ಲೇಸಿನ ಹೆಂಗಸರನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದಳು. ಅವರು ಹೆಣೆದದ್ದು ಕಡಲಾಚೆಯ ಪೇಟೆಗೆ ಹೋಗುತ್ತಿತ್ತು, ವರ್ತಕರು ಮಹಡಿ ಕಟ್ಟಿಸಿದರು. ಹೆಣೆದವರನ್ನು ಮಾತ್ರ ಮನೆಯಲ್ಲಿ ಸುಮ್ಮನೆ ಕುಳಿತು ಹೊತ್ತುಗಳೆಯುವ ಗೃಹಿಣಿಯರೆಂದೇ ಎಣಿಸಲಾಗುತ್ತಿತ್ತು. ಹೊತ್ತುಗಳೆಯುವುದಂತೆ! ಹೊತ್ತನ್ನು ಕಳೆಯುವ ಸೌಭಾಗ್ಯ ಅವರಿಗೆ ಯಾವಾಗ ಒದಗಿತ್ತೆಂದು ಕೇಳಿದವರಿಲ್ಲ.

(ಇಲ್ಲಿ ಸೂಜಿಯ ದನಿ ಕೊಂಚ ಏರಿದುದರಿಂದ ಅತ್ತೆಯವರು ನಿದ್ರೆಯಲ್ಲಿಯೇ ಮಗ್ಗುಲು ಬದಲಿಸಿದರು. ನಾನು ಸ್ವರ ತಗ್ಗಿಸಿ ಮುಂದುವರಿಸಿದೆ.)

ನಾನು: ಇದೊಂದು ಚಟವೆಂದು ಮನೆಯ ಗಂಡಸರ ಅಭಿಪ್ರಾಯ. ಈ ಊರಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು...

ಸೂಜಿ: ಆ ಜೋಳಿಗೆಗೆ ಸಲ್ಲಬೇಕಾದ ಬೀಡಿ, ತಂಬಾಕು, ಮದ್ಯಗಳು ಯಾರ ಬಳಿ ಇದ್ದುವೆಂಬುದನ್ನು ಅಭಿಪ್ರಾಯ ಕೊಟ್ಟವರನ್ನೇ ಕೇಳಿ ತಿಳಿಯಿರಿ.

ನಾನು: ತಮ್ಮ ಜೀವಮಾನದ ಮರೆಯಲಾಗದ ಪ್ರಸಂಗ?

ಸೂಜಿ: ಬಾದಾಮಿಯದು. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ. ನೇಕಾರ ದೇವಾಂಗರಿಗೆ ಆಕೆ ಕುಲದೇವತೆಯೆಂಬುದು ನಿಮಗೆ ಗೊತ್ತು. ನೂಲಿನ ತಾಯಿಯಾದವಳ ಸನ್ನಿಧಿಗೆ ನನ್ನನ್ನೂ ಕರೆದೊಯ್ದ ಅತ್ತೆಯವರು, ದರ್ಶನವಾದ ಮೇಲೆ ಬಾದಾಮಿಗೆ ಬಂದು ಮೇಣಬಸದಿಯ ಗುಹೆಗಳ ಮೆಟ್ಟಿಲಿನ ಮೇಲೆ ಕುಳಿತು, ಮೂರು ತಿಂಗಳಿನಿಂದ ಬೆಳೆದುಬಂದಿದ್ದ ನೀಲಿ ಶಾಲನ್ನು ಚೀಲದಿಂದ ತೆಗೆದರು. ಚಾಲುಕ್ಯರ ಮಂಗಳೇಶನ ಊರಿನಲ್ಲಿ ಈಗ ಮಂಗಗಳದೇ ಪ್ರಭುತ್ವ. ಒಂದು ಬಂದು ಉಂಡೆಯನ್ನು ಹಣ್ಣೆಂದು ಭಾವಿಸಿ ಕಸಿದುಕೊಂಡಿತು. ಆ ಎಳೆತಕ್ಕೆ ನಾನು ಕುಣಿಕೆಯಿಂದ ಕಳಚಿ ಬಿದ್ದೆ. ಮಂಗ ಮೇಲೇರಿದಂತೆ ಶಾಲು ಕೆಳಗೆ ಕರಗುತ್ತ ಬಂದಿತು. ಸಾಲಿನ ಮೇಲೆ ಸಾಲು, ಕಂಬದ ಮೇಲೆ ಕಂಬ, ಸರಸರನೆ ಬಿಚ್ಚಿಕೊಂಡು, ಕಡೆಗೆ ಅತ್ತೆಯವರ ಮಡಿಲಲ್ಲಿ ಉಳಿದುದು ಒಂದು ಮೊಳ ಡೊಂಕು ನೂಲು. ಮೂರನೆಯ ಗುಹೆಯಲ್ಲಿ ಮಂಗಳೇಶನು 578ರಲ್ಲಿ ಕಂಡರಿಸಿದ ಶಾಸನ ಇನ್ನೂ ಓದಲು ಬರುತ್ತದೆ. ನಮ್ಮ ಶಾಲು ಅದರ ಅಡಿಯಲ್ಲಿಯೇ ಮೂರು ನಿಮಿಷದಲ್ಲಿ ಅಳಿಸಿಹೋಯಿತು.

ನಾನು: ಅತ್ತೆಯವರು ಅತ್ತರೆ?

ಸೂಜಿ: ನಕ್ಕರು. ಕಲ್ಲಿನಲ್ಲಿ ತಪ್ಪಿದರೆ ತಪ್ಪಿದ್ದೇ, ನೂಲಿನಲ್ಲಿ ಹಾಗಲ್ಲ. ಮಂಗ ಬೇಸತ್ತು ಎಸೆದ ಉಂಡೆಯನ್ನು ಹುಡುಗರು ತಂದುಕೊಟ್ಟರು. ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ಮೆಟ್ಟಿಲಿಳಿದು, ಇಳಕಲ್ಲಿನ ಬಸ್ಸಿನಲ್ಲಿ ಕುಳಿತೊಡನೆ ಮೊದಲನೆಯ ಚೈನು ಹಾಕಿದರು. ಹುನಗುಂದ ಬರುವ ಹೊತ್ತಿಗೆ ಆರು ಸಾಲಾಗಿತ್ತು. ಈಗ ಅವರ ಕೈಯಲ್ಲಿರುವುದು ಅದೇ ನೂಲು. ಶಾಲಿನ ಆಸೆಯನ್ನು ಬಿಟ್ಟು ಮಫ್ಲರಿಗೆ ಇಳಿದಿದ್ದಾರೆ, ಸುಲಭವೂ ಶೀಘ್ರವೂ ಅಲ್ಲವೆ?

ಅಷ್ಟರಲ್ಲಿ ಅತ್ತೆಯವರು ಕಣ್ತೆರೆದರು. “ಯಾರ ಜೋಡಿ ಮಾತಾಡಾಕತ್ತೀಯೋ ತಮ್ಮಾ?” ಎಂದರು. ಸೂಜಿಯನ್ನು ಅವರ ಕೈಗೆ ಕೊಡುವ ಗಡಿಬಿಡಿಯಲ್ಲಿ, ಕೇಳಬಾರದೆಂದು ನಿಶ್ಚಯಿಸಿದ್ದ ಪ್ರಶ್ನೆಯೇ ಬಾಯಿಂದ ಜಾರಿತು: “ಇದು ಯಾರಿಗೆ ಅತ್ತೀ?” ಅವರು ಉತ್ತರ ಹೇಳದೆ, ಗೇಣಿನಿಂದ ನನ್ನ ಕೊರಳನ್ನು ಅಳೆದರು.

ಮಫ್ಲರು ಮೇ ತಿಂಗಳ ಎರಡನೆಯ ವಾರದಲ್ಲಿ ಮುಗಿದು ನನ್ನ ಕೈಸೇರಿತು. ಎಪ್ಪತ್ತನಾಲ್ಕು ಸಾಲು, ಎರಡು ತುದಿಗೂ ಗೊಂಡೆ. ಎಷ್ಟು ತಾಸಿನ ಕೆಲಸವಾಯಿತೆಂದು ಲೆಕ್ಕಹಾಕಲು ನಾನು ಪೆನ್ಸಿಲು ಹಿಡಿದಾಗ ಅತ್ತೆಯವರು, “ಅದರಾಗೇನ್ ಲೆಕ್ಕ ತಮ್ಮಾ, ಸುಮ್ನ ಕುಂತಾಗ ಮಾಡಿದ್ದು” ಎಂದು, ಉಲ್ಲನ್ನಿಗೆ ಬಿದ್ದಿದ್ದ 160 ರೂಪಾಯಿಯನ್ನು ಮಾತ್ರ ಇಸಿದುಕೊಂಡರು.