ಮೀಟರ್ ನಂಬದ ಕಾಕಾ

ಗುಡಗೇರಿಯಲ್ಲಿ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಕೊಳ್ಳುವವರು ರೊಕ್ಕಕ್ಕಿಂತ ಮೊದಲು ಕಾಕಾನನ್ನು ಹೊಂದಿಸುತ್ತಾರೆ. ಯಾರ ಕಾಕಾ ಎಂದು ಕೇಳಬಾರದು. ಕುಂದಗೋಳ ತಾಲೂಕಿನ ಯಾವ ಊರಿಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಎಲೆಅಡಿಕೆ, ಮುಖದ ಮೇಲೆ ‘ನೀ ಏನೂ ಹೇಳಬ್ಯಾಡ, ನಾನ ನೋಡ್ತೀನಿ’ ಎನ್ನುವ ಕಳೆ.

ಎತ್ತಿನ ಸಂತೆಯಲ್ಲಿ ಪಳಗಿದ ಕಣ್ಣು ಅದು. ಬಾಯಿ ತೆರೆಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಹೇಳುತ್ತಿದ್ದ. ಸುಳಿ ನೋಡಿ, ಕೊಳ್ಳುವವನ ಮನೆತನದ ಮುಂದಿನ ಗತಿಯನ್ನೂ ಹೇಳುತ್ತಿದ್ದ. ಟ್ರ್ಯಾಕ್ಟರಿಗೆ ಸುಳಿ ಇಲ್ಲವೆಂದು ವಿದ್ಯೆ ಬಿಟ್ಟಾನೆಯೇ? ಕೆಎ-25ರ ಮುಂದಿನ ಅಂಕಿಗಳನ್ನು ಕೂಡಿಸಿ ಎಂಟು ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಟ್ರ್ಯಾಕ್ಟರಿನ ದುಡಿಮೆಯನ್ನು ಅಳೆಯುವುದು ತಾಸಿನಲ್ಲಿ. ಮಾರುವವನು ಹೆಮ್ಮೆಯಿಂದ ಮೀಟರ್ ಒರೆಸಿ ತೋರಿಸುತ್ತಾನೆ.

“ಹತ್ತ ವರ್ಷದ ಗಾಡಿ, ಬರೇ 1,800 ತಾಸು ಓಡೇತ್ರಿ ಕಾಕಾರ.”

“ಅಂದ್ರ ದಿನಕ್ಕ ಅರ್ಧಾ ತಾಸು. ಹೊಲಾ ಮಾಡಾಕ ತಂದಿದ್ಯೋ, ಪೂಜಾ ಮಾಡಾಕೋ?”

ಹೆಚ್ಚು ಓಡಿದ್ದಕ್ಕಿಂತ ಕಡಿಮೆ ಓಡಿದ್ದಕ್ಕೇ ಅಂಜಬೇಕು ಎಂಬುದು ಕಾಕಾನ ಸಿದ್ಧಾಂತ. ಅದರಲ್ಲಿ ನ್ಯಾಯವಿದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಮೀಟರ್ ತಿರುಗುವುದು ಎಂಜಿನ್ನಿಗೆ ಕಟ್ಟಿದ ಕೇಬಲ್ಲಿನಿಂದ. ಎಂಜಿನ್ ನಿಧಾನವಾದರೆ ಮೀಟರಿನ ತಾಸೂ ನಿಧಾನ. ಕೇಬಲ್ ಹರಿದರೆ ಕಾಲವೇ ನಿಂತಿತು. ಹರಿದದ್ದನ್ನು ಹಾಕಿಸಲು ಹುಬ್ಬಳ್ಳಿಗೆ ಹೋಗಬೇಕು. ಬಿತ್ತಿಗೆ ಮುಗಿಯಲಿ ಎನ್ನುತ್ತಾರೆ, ಆಮೇಲೆ ಸುಗ್ಗಿ ಮುಗಿಯಲಿ ಎನ್ನುತ್ತಾರೆ, ಅಷ್ಟರಲ್ಲಿ ಮತ್ತೆ ಬಿತ್ತಿಗೆ.

ಹೀಗಾಗಿ ಕಾಕಾ ಮೀಟರಿನತ್ತ ಕಣ್ಣು ಹಾಯಿಸುವುದಿಲ್ಲ. ಕ್ಲಚ್ ಪೆಡಲ್ ಎಷ್ಟು ಸವೆದಿದೆ, ಟ್ರೇಲರ್ ಸಿಗಿಸುವ ತೂತು ಗುಂಡಗಿದೆಯೋ ಉದ್ದವಾಗಿದೆಯೋ ಎಂದು ಬೆರಳಾಡಿಸುತ್ತಾನೆ. ಟೈರಿನ ಬದಿಯ ನಾಲ್ಕು ಅಂಕಿ ಓದುತ್ತಾನೆ: 1019 ಎಂದಿದ್ದರೆ 2019ರ ಹತ್ತನೇ ವಾರದ್ದು. ಗಾಡಿಯ ಪೂರ್ವಾಶ್ರಮವನ್ನೂ ಕೆದಕುತ್ತಾನೆ. ಕಲಘಟಗಿ ಕಡೆ ಭತ್ತದ ಕೆಸರಿನಲ್ಲಿ ಇಳಿದದ್ದಾದರೆ ಮುಂದಿನ ಆಕ್ಸಲ್ ಸೀಲು ನೋಡಬೇಕು, ಕಬ್ಬು ಎಳೆದದ್ದಾದರೆ ಕ್ಲಚ್. ನಮ್ಮ ಎರಿ ಹೊಲದಲ್ಲೇ ಇದ್ದದ್ದಾದರೆ ಮಾಲೀಕನ ಮುಖ ನೋಡಿದರೆ ಸಾಕಂತೆ.

ಇಷ್ಟಾದ ಮೇಲೆ ಅವನ ಬ್ರಹ್ಮಾಸ್ತ್ರ ಹೊರಬರುತ್ತದೆ.

“ಎಲ್ಲವ್ವನ ಗುಡ್ಡಕ್ಕ ಹೋಗಿರ್ತೀರಿ, ಹೌದಿಲ್ಲೋ?”

ಊರೂರು ಸುತ್ತಲೆಂದು ಹೊರದೇಶದವರು ಮಲಗಲು, ಉಣ್ಣಲು ಸೌಕರ್ಯವಿರುವ ಮನೆಯಂಥ ಮೋಟಾರು ಗಾಡಿಯನ್ನೇ ಕೊಳ್ಳುತ್ತಾರೆ. ನಮ್ಮವರು ಭರತ ಹುಣ್ಣಿಮೆಗೆ ಟ್ರೇಲರಿನ ಮೇಲೆ ತಾಡಪತ್ರಿ ಕಟ್ಟಿ, ಒಲೆ, ರೊಟ್ಟಿ ಬುಟ್ಟಿ, ಕೌದಿ, ಅಜ್ಜಿ, ಮೊಮ್ಮಕ್ಕಳನ್ನು ಹೇರಿ ಸವದತ್ತಿಗೆ ಹೊರಡುತ್ತಾರೆ. ಮಾರುವವನು ಮೀಟರಿನ ಬಗ್ಗೆ ಸುಳ್ಳು ಹೇಳಿಯಾನು, ದೇವಿಯ ಸೇವೆ ತಪ್ಪಿಸಿದೆ ಎನ್ನಲಾರ.

“ಒಂದ ವರ್ಷನೂ ತಪ್ಪಿಸಿಲ್ರಿ! ಶಿಶುನಾಳ ಜಾತ್ರಿಗಂತೂ ಊರ ಮಂದೀನೆಲ್ಲಾ ನಾವ ಹೇರ್ಕೊಂಡು ಹೋಗ್ತೀವಿ.”

ಕಾಕಾ ಭಕ್ತಿಯಿಂದ ಕೈಮುಗಿದು ಮನಸ್ಸಿನಲ್ಲೇ ಹತ್ತು ಸಾವಿರ ಇಳಿಸುತ್ತಾನೆ.

ಕೊನೆಗೆ ಎಂಜಿನ್. ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಅಲ್ಲೇ ಕೂತುಬಿಡುತ್ತಾನೆ. “ಆರಲಿ. ಚಾ ತರಸು.” ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆಂದರೆ ತಣ್ಣಗಿದ್ದಾಗ ಅದು ಏಳಲು ಒದ್ದಾಡುತ್ತದೆ ಎಂದೇ ಅವನ ಲೆಕ್ಕ. ಚಾಲೂ ಆದ ಮೇಲೆ ಕರಿ ಹೊಗೆಗೆ ಮಾಫಿ ಉಂಟು, ನೀಲಿ ಹೊಗೆಗೆ ಇಲ್ಲ. ನೀಲಿ ಎಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು, ಹೊಗೆ ಭುಸುಗುಟ್ಟಿದರೆ ರಿಂಗು ಸವೆದಿವೆ ಎಂದು ಸಾರುತ್ತಾನೆ. ಇಷ್ಟು ಹೊತ್ತು ಕಾಕಾನ ಬಾಯಿಂದ ಬಂದದ್ದು “ಬ್ಯಾಡ” ಎಂಬ ಒಂದೇ ತೀರ್ಪು. ಪ್ರತಿ “ಬ್ಯಾಡ”ಕ್ಕೂ ದರ ಇಳಿಯುತ್ತದೆ. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಎತ್ತಿನ ವ್ಯಾಪಾರದ ಶಾಸ್ತ್ರದಂತೆಯೇ ದರ ಕುದುರಿಸಿ, ಮುಂಗಡ ಕೊಡಿಸಿಯೇಬಿಟ್ಟ.

ಮನೆಗೆ ಬಂದ ಮೇಲೆ, ಕಾಲೇಜು ಓದುವ ಹುಡುಗ ಆರ್‌ಸಿ ತಿರುವಿ ನೋಡಿದ.

“ಕಾಕಾ, ಇದರಾಗ ಬ್ಯಾಂಕಿನ ಹೆಸರೈತಿ. ಸಾಲಾ ತೀರಿಲ್ಲ. ಫಾರ್ಮ್ 35 ಕೊಡಲಾರದ ನಮ್ಮ ಹೆಸರಿಗೆ ಆಗೂದಿಲ್ಲ.”

ಕಾಕಾ ಟವೆಲ್ಲು ಝಾಡಿಸಿ ಎದ್ದ. “ಕಾಗದ ನೋಡಾಕ ನನ್ನ್ಯಾಕ ಕರ್ಕೊಂಡ ಹೋಗಿದ್ರಿ? ನಾ ಬರೇ ಎಂಜಿನ್ ನೋಡಾಂವ.”